ಬೆಳಕನ್ನು ತಿರುಗಿಸಿ ನೋಡಿದವರು

ಕಬ್ಬು ಅರೆಯುವ ಹಂಗಾಮಿನಲ್ಲಿ ಮಂಡ್ಯದ ಕಡೆಯಾಗಲಿ, ಬೆಳಗಾವಿ-ಬಾಗಲಕೋಟೆಯ ಕಡೆಯಾಗಲಿ, ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ: ‘ಪೋಲ್ ಎಷ್ಟು?’ ಅಂದರೆ, ಸಕ್ಕರೆಯ ಅಂಶ ಎಷ್ಟು? ಅರೆದ ರಸ, ಹಿಂಡಿ ಉಳಿದ ಸಿಪ್ಪೆ, ಕೊನೆಗೆ ಹೊರಬೀಳುವ ಕಾಕಂಬಿ, ಎಲ್ಲದರ ಪೋಲ್ ಲೆಕ್ಕಕ್ಕೆ ಬರಬೇಕು. ಸಕ್ಕರೆ ಎಲ್ಲಿ ಕೈಗೆ ಸಿಕ್ಕಿತು, ಎಲ್ಲಿ ಕಳೆದುಹೋಯಿತು ಎಂಬುದರ ಜಮಾಖರ್ಚು ಅದು. ಕಬ್ಬಿನ ದರವನ್ನು ಸಕ್ಕರೆ ಇಳುವರಿಗೆ ಕಟ್ಟಿಹಾಕಿರುವ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಈ ಅಳತೆಯ ಸಲಕರಣೆ ನೋಡಲು ಬಹಳ ಸರಳ: ತಿಳಿಗೊಳಿಸಿದ ರಸ ತುಂಬಿದ ಒಂದು ಕೊಳವೆ, ಅದರ ಎರಡು ತುದಿಗೆ ಎರಡು ಫಿಲ್ಟರ್, ಒಳಗೆ ಹಾದುಹೋಗುವ ಬೆಳಕು. ಸಕ್ಕರೆಯ ಅಣುಗಳು ಬೆಳಕಿನ ಕಂಪನದ ದಿಕ್ಕನ್ನು ತಿರುಗಿಸುತ್ತವೆ. ಎಷ್ಟು ತಿರುಗಿತು ಎಂದು ಅಳೆದರೆ ಸಕ್ಕರೆ ಎಷ್ಟಿದೆ ಎಂದು ತಿಳಿಯುತ್ತದೆ.

ಬೆಳಕಿನ ಕಂಪನಕ್ಕೆ ದಿಕ್ಕು ಇದೆ ಎಂಬುದೇ ಬಹುಮಂದಿಗೆ ಹೊಸ ವಿಷಯ. ಬಣ್ಣ ಕಣ್ಣಿಗೆ ಗೊತ್ತಾಗುತ್ತದೆ, ಹೊಳಪು ಗೊತ್ತಾಗುತ್ತದೆ. ಈ ಮೂರನೆಯ ಗುಣ ಮಾತ್ರ ಗೊತ್ತಾಗುವುದಿಲ್ಲ. ಬೆಳಕು ಮುಂದಕ್ಕೆ ಸಾಗುವಾಗ ಅದರ ವಿದ್ಯುತ್ ಕ್ಷೇತ್ರ ಆ ದಾರಿಗೆ ಅಡ್ಡಲಾಗಿ ಕಂಪಿಸುತ್ತಿರುತ್ತದೆ. ಸೂರ್ಯನಿಂದಲೋ ದೀಪದಿಂದಲೋ ನೇರವಾಗಿ ಬರುವ ಬೆಳಕಿನಲ್ಲಿ ಮೇಲೆ-ಕೆಳಗೆ, ಎಡ-ಬಲ, ಓರೆ ಎಂದು ಎಲ್ಲ ಅಡ್ಡ ದಿಕ್ಕುಗಳ ಕಂಪನಗಳೂ ಬೆರೆತಿರುತ್ತವೆ. ಅದರಲ್ಲಿ ಒಂದೇ ದಿಕ್ಕಿನ ಕಂಪನ ಉಳಿದರೆ ಅದು ಧ್ರುವೀಕೃತ ಬೆಳಕು. ಎರಡು ಬೆಳಕನ್ನೂ ಅಕ್ಕಪಕ್ಕ ಇಟ್ಟರೆ ಬರಿಗಣ್ಣಿಗೆ ವ್ಯತ್ಯಾಸ ಕಾಣದು. ಒಂದು ಅಪವಾದವಿದೆ: ಧ್ರುವೀಕೃತ ಬೆಳಕಿನಲ್ಲಿ ಬೆಳಗುವ ಬಿಳಿ ಹಿನ್ನೆಲೆಯನ್ನು ದಿಟ್ಟಿಸಿದರೆ ನೋಟದ ನಡುವೆ ಮಸುಕಾದ ಹಳದಿ ಕುಂಚವೊಂದು ಕ್ಷಣಕಾಲ ಸುಳಿಯುತ್ತದೆ. ಆಸ್ಟ್ರಿಯಾದ ಖನಿಜವಿಜ್ಞಾನಿ ವಿಲ್ಹೆಲ್ಮ್ ಹೈಡಿಂಗರ್ ಇದನ್ನು 1844ರಲ್ಲಿ ದಾಖಲಿಸಿದರು. ಬಹಳ ಮಂದಿ ಅದನ್ನು ಗಮನಿಸದೆಯೇ ಬದುಕಿ ಮುಗಿಸುತ್ತಾರೆ.

ಜೇನುನೊಣದ ಕಥೆ ಬೇರೆ. ಆಕಾಶದ ನೀಲಿ ಬೆಳಕು ಭಾಗಶಃ ಧ್ರುವೀಕೃತ. ಸೂರ್ಯನಿಂದ 90 ಡಿಗ್ರಿ ದೂರದ ಪಟ್ಟಿಯಲ್ಲಿ ಅತಿ ಹೆಚ್ಚು. ಸೂರ್ಯ ಮೋಡದ ಹಿಂದೆ ಮರೆಯಾಗಿದ್ದರೂ ನೀಲಿ ಬಾನಿನ ಒಂದು ತುಣುಕು ಕಂಡರೆ ಸಾಕು, ನೊಣ ತನ್ನ ದಿಕ್ಕು ಹಿಡಿಯುತ್ತದೆ. ಪ್ರಾಣಿವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ 1940ರ ದಶಕದ ಕೊನೆಯಲ್ಲಿ ಇದನ್ನು ತೋರಿಸಿಕೊಟ್ಟರು. ಮೇವಿನ ದಿಕ್ಕನ್ನು ಜೊತೆಯ ನೊಣಗಳಿಗೆ ತಿಳಿಸಲು ಕುಣಿಯುತ್ತಿದ್ದ ನೊಣದ ಮೇಲೆ, ಒಂದೇ ದಿಕ್ಕಿನ ಕಂಪನವನ್ನು ದಾಟಲು ಬಿಡುವ ಪೋಲರಾಯ್ಡ್ ಹಾಳೆಯ ಫಿಲ್ಟರ್ ಹಿಡಿದು ತಿರುಗಿಸಿದಾಗ ಅದರ ಕುಣಿತದ ದಿಕ್ಕೂ ಬದಲಾಯಿತು. ನೊಣಕ್ಕೆ ಹುಟ್ಟಿನಿಂದ ಬಂದ ಈ ವಿದ್ಯೆಯನ್ನು ಮನುಷ್ಯ ಹರಳಿನಿಂದ, ಹಾಳೆಯಿಂದ, ಗಣಿತದಿಂದ ಕಲಿಯಬೇಕಾಯಿತು.

ಆ ಕಲಿಕೆಯ ದೊಡ್ಡ ತಿರುವು ಪ್ಯಾರಿಸ್ಸಿನದು, ಇಸವಿ 1808. ಎಟಿಯೆನ್ ಲೂಯಿ ಮಾಲುಸ್ ಸೇನೆಯ ಎಂಜಿನಿಯರ್. ನೆಪೋಲಿಯನ್ನನ ಈಜಿಪ್ಟ್ ದಂಡಯಾತ್ರೆಗೆ ಹೋಗಿ, ಅಲ್ಲಿ ಪ್ಲೇಗಿಗೆ ಸಿಕ್ಕಿ ಬದುಕಿ ಬಂದವರು. ಐಸ್‌ಲ್ಯಾಂಡ್ ಸ್ಪಾರ್ ಎಂಬ ಪಾರದರ್ಶಕ ಹರಳಿನ ಮೂಲಕ ನೋಡಿದರೆ ಯಾವ ವಸ್ತುವೂ ಎರಡಾಗಿ ಕಾಣುತ್ತದೆ. ಡೆನ್ಮಾರ್ಕಿನ ಎರಾಸ್ಮಸ್ ಬಾರ್ತೊಲಿನ್ 1669ರಲ್ಲೇ ಇದನ್ನು ಬರೆದಿದ್ದರು, ಭೌತವಿಜ್ಞಾನಿ ಹೈಗೆನ್ಸ್ ಅದರ ಹಿಂದೆ ಬಿದ್ದಿದ್ದರು, ಪೂರ್ತಿ ಬಗೆಹರಿದಿರಲಿಲ್ಲ. ಫ್ರೆಂಚ್ ಅಕಾಡೆಮಿ ಈ ಒಗಟಿಗೆ ಬಹುಮಾನ ಘೋಷಿಸಿತ್ತು. ಒಂದು ಸಂಜೆ ಮಾಲುಸ್ ತಮ್ಮ ಮನೆಯಿಂದ ಲಕ್ಸಂಬರ್ಗ್ ಅರಮನೆಯ ಕಿಟಕಿ ಗಾಜಿನ ಮೇಲೆ ಹೊಳೆಯುತ್ತಿದ್ದ ಮುಳುಗುವ ಸೂರ್ಯನನ್ನು ಆ ಹರಳಿನ ಮೂಲಕ ನೋಡಿದರು. ಎರಡು ಬಿಂಬ ಒಂದೇ ಹೊಳಪಿನಲ್ಲಿ ಕಾಣಬೇಕಿತ್ತು. ಹರಳನ್ನು ತಿರುಗಿಸಿದಂತೆ ಒಂದು ಬಿಂಬ ಮಸುಕಾಗುತ್ತಿತ್ತು, ಇನ್ನೊಂದು ಬೆಳಗುತ್ತಿತ್ತು; ಇನ್ನಷ್ಟು ತಿರುಗಿಸಿದರೆ ಅದಲುಬದಲು. ಅದೇ ರಾತ್ರಿ ಮೇಣದಬತ್ತಿ ಹಚ್ಚಿ, ನೀರಿನ ಮೇಲೆ, ಗಾಜಿನ ಮೇಲೆ ಪ್ರತಿಫಲಿಸಿದ ಬೆಳಕನ್ನು ಪರೀಕ್ಷಿಸಿದರು. ಧ್ರುವೀಕರಣಕ್ಕೆ ಅಪರೂಪದ ಹರಳೇ ಬೇಕೆಂದಿಲ್ಲ, ಬರಿಯ ಪ್ರತಿಫಲನವೂ ಆ ಕೆಲಸ ಮಾಡುತ್ತದೆ ಎಂಬುದು ಖಚಿತವಾಯಿತು.

ಅವರ ಹೆಸರಿನಲ್ಲಿ ಉಳಿದಿರುವ ನಿಯಮ ಪಿಯುಸಿ ಭೌತಶಾಸ್ತ್ರದ ಪುಸ್ತಕದಲ್ಲಿದೆ. ಧ್ರುವೀಕೃತ ಬೆಳಕಿನ ಕಂಪನಕ್ಕೂ ಫಿಲ್ಟರಿನ ಅಕ್ಷಕ್ಕೂ ನಡುವಿನ ಕೋನ ಎಷ್ಟೋ, ಅದರ ಕೋಸೈನಿನ ವರ್ಗದಷ್ಟು ಪಾಲು ಬೆಳಕು ಆಚೆ ಬರುತ್ತದೆ. ಕೋನ 30 ಡಿಗ್ರಿ ಇದ್ದರೆ ಶೇ 75, 45 ಇದ್ದರೆ ಶೇ 50, 60 ಇದ್ದರೆ ಶೇ 25, 90 ಇದ್ದರೆ ಸೊನ್ನೆ. ಪರೀಕ್ಷೆಗಾಗಿ ಸೂತ್ರ ಬಾಯಿಪಾಠ ಮಾಡಿ ಮರೆಯುವ ವಿದ್ಯಾರ್ಥಿಗೆ ಈ ನಾಲ್ಕು ಸಂಖ್ಯೆಗಳ ಸೊಗಸು ಕಾಣದೆ ಹೋಗುವುದು ದೊಡ್ಡ ನಷ್ಟ. ಮೊದಲ 30 ಡಿಗ್ರಿ ತಿರುಗಿಸುವಾಗ ಕಾಲುಭಾಗ ಮಾತ್ರ ಹೋಗುತ್ತದೆ, ನಡುವಿನ 30 ಡಿಗ್ರಿಯಲ್ಲಿ ಅರ್ಧದಷ್ಟು ಬೆಳಕು ಹೋಗಿಬಿಡುತ್ತದೆ, ಕೊನೆಯ 30 ಡಿಗ್ರಿ ಉಳಿದ ಕಾಲನ್ನು ನಿಧಾನಕ್ಕೆ ನುಂಗುತ್ತದೆ.

ವರ್ಗ ಎಲ್ಲಿಂದ ಬಂತು? ಕಂಪನದಲ್ಲಿ ಫಿಲ್ಟರಿನ ಅಕ್ಷದ ದಿಕ್ಕಿನಲ್ಲಿರುವ ಪಾಲಷ್ಟೇ ದಾಟುತ್ತದೆ. ಆ ಪಾಲು ಕೋನದ ಕೋಸೈನ್. ಬೆಳಕಿನ ತೀವ್ರತೆ ಎಂದರೆ ಶಕ್ತಿ, ಶಕ್ತಿ ಕಂಪನದ ವಿಸ್ತಾರದ ವರ್ಗಕ್ಕೆ ಅನುಗುಣ. ಹಾಗಾಗಿ ಕೋಸೈನಿನ ವರ್ಗ. ಮಾಲುಸ್‌ಗೆ ಈ ವಿವರಣೆ ಗೊತ್ತಿರಲಿಲ್ಲ ಎಂಬುದು ವಿಶೇಷ. ಅವರು ಬೆಳಕನ್ನು ಕಣಗಳ ಹರಿವೆಂದೇ ನಂಬಿದ್ದರು. 1812ರಲ್ಲಿ, 36ನೇ ವಯಸ್ಸಿಗೆ ತೀರಿಕೊಂಡರು. ಬೆಳಕು ಅಡ್ಡ ಕಂಪಿಸುವ ಅಲೆ ಎಂದು ಭೌತವಿಜ್ಞಾನಿ ಫ್ರೆನೆಲ್ ಸಾರಿದ್ದು 1821ರಲ್ಲಿ. ನಂತರ ಕ್ವಾಂಟಂ ಸಿದ್ಧಾಂತ ಬಂದು ಅದೇ ನಿಯಮಕ್ಕೆ ಇನ್ನೊಂದು ಅರ್ಥ ಕೊಟ್ಟಿತು: ಕೋನ 30 ಡಿಗ್ರಿ ಇದ್ದಾಗ ಒಂದು ಫೋಟಾನ್, ಅಂದರೆ ಬೆಳಕಿನ ಒಂದು ಕಣ, ಮುಕ್ಕಾಲು ದಾಟಿ ಕಾಲು ಉಳಿಯುವುದಿಲ್ಲ; ದಾಟಿದರೆ ಇಡಿಯಾಗಿ ದಾಟುತ್ತದೆ, ಇಲ್ಲವಾದರೆ ಇಲ್ಲ; ಮುಕ್ಕಾಲು ಎಂಬುದು ದಾಟುವ ಸಂಭವನೀಯತೆ. ಕಣವೆಂದವರ ಕಾಲಕ್ಕೂ, ಅಲೆಯೆಂದವರ ಕಾಲಕ್ಕೂ, ಎರಡೂ ಹೌದೆನ್ನುವ ಕಾಲಕ್ಕೂ ಸೂತ್ರ ಒಂದಕ್ಷರ ಬದಲಾಗಿಲ್ಲ.

ಈ ಸೂತ್ರದಿಂದ ಹುಟ್ಟುವ ಒಂದು ಪ್ರಯೋಗವಂತೂ ನೋಡಿದವರನ್ನು ಬೆರಗುಗೊಳಿಸುತ್ತದೆ. ಎರಡು ಫಿಲ್ಟರ್‌ಗಳನ್ನು ಒಂದರ ಹಿಂದೊಂದು ಹಿಡಿದು, ಅಕ್ಷಗಳು ಒಂದಕ್ಕೊಂದು ಲಂಬವಾಗುವಂತೆ ತಿರುಗಿಸಿದರೆ ಕತ್ತಲು. ಈಗ ಆ ಎರಡರ ನಡುವೆ ಮೂರನೆಯ ಫಿಲ್ಟರನ್ನು 45 ಡಿಗ್ರಿ ಓರೆಯಾಗಿ ತೂರಿಸಿದರೆ ಬೆಳಕು ಬರುತ್ತದೆ! ತಡೆಯುವ ವಸ್ತು ಇನ್ನೊಂದು ಸೇರಿದಾಗ ಬೆಳಕು ಹೆಚ್ಚಾಯಿತು. ಲೆಕ್ಕ ನೇರವಾಗಿದೆ. ಮೊದಲ ಫಿಲ್ಟರ್ ಸಾಮಾನ್ಯ ಬೆಳಕಿನ ಅರ್ಧವನ್ನು ಬಿಡುತ್ತದೆ. ನಡುವಿನದು ಅದರ ಅರ್ಧವನ್ನು. ಕೊನೆಯದು ಮತ್ತೆ ಅದರ ಅರ್ಧವನ್ನು. ಒಟ್ಟು ಎಂಟನೇ ಒಂದು ಭಾಗ, ಅಂದರೆ ಶೇ 12.5. ನಡುವಿನ ಫಿಲ್ಟರ್ ಬೆಳಕಿನ ಪಾಲನ್ನು ಕಳೆಯುವುದರ ಜೊತೆಗೆ ಉಳಿದದ್ದರ ಕಂಪನವನ್ನು ತನ್ನ ಅಕ್ಷಕ್ಕೆ ಹೊರಳಿಸಿ ಕಳಿಸುತ್ತದೆ. ಹೊರಬಂದ ಬೆಳಕಿಗೆ ಹಳೆಯ ದಿಕ್ಕಿನ ನೆನಪೇ ಇರುವುದಿಲ್ಲ. 10 ಡಿಗ್ರಿಯ 9 ಹೆಜ್ಜೆಗಳಲ್ಲಿ 90 ಡಿಗ್ರಿ ತಿರುಗಿಸಿದರೆ, ಫಿಲ್ಟರ್‌ಗಳು ಆದರ್ಶವಾಗಿದ್ದಲ್ಲಿ, ಧ್ರುವೀಕೃತ ಬೆಳಕಿನ ಶೇ 76ರಷ್ಟು ಉಳಿಯುತ್ತದೆ; 1 ಡಿಗ್ರಿಯ 90 ಹೆಜ್ಜೆಗಳಾದರೆ ಶೇ 97. ಒಮ್ಮೆಲೇ ತಿರುಗಿಸಿದರೆ ಏನೂ ಉಳಿಯದ ಬೆಳಕು ಹಂತಹಂತವಾಗಿ ತಿರುಗಿಸಿದರೆ ಬಹುಪಾಲು ಉಳಿಯುತ್ತದೆ.

ಫಿಲ್ಟರ್ ಒಳಗೆ ಆಗುವುದೇನು ಎಂದು ವಿವರಿಸಲು ಕಿಟಕಿ ಸರಳುಗಳ ನಡುವೆ ಹಗ್ಗ ತೂರಿಸಿ ಅಲ್ಲಾಡಿಸುವ ಹೋಲಿಕೆಯನ್ನು ಕೊಡುವುದು ವಾಡಿಕೆ. ಸರಳಿನ ದಿಕ್ಕಿನಲ್ಲಿ ಅಲ್ಲಾಡಿಸಿದರೆ ಅಲೆ ದಾಟುತ್ತದೆ, ಅಡ್ಡ ಅಲ್ಲಾಡಿಸಿದರೆ ನಿಲ್ಲುತ್ತದೆ. ನೆನಪಿಗೆ ಅನುಕೂಲ, ಆದರೆ ಪೋಲರಾಯ್ಡ್ ಹಾಳೆಯಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಪಾಲಿವಿನೈಲ್ ಆಲ್ಕೋಹಾಲ್ ಎಂಬ ಪ್ಲಾಸ್ಟಿಕ್ಕನ್ನು ಒಂದೇ ದಿಕ್ಕಿಗೆ ಎಳೆದು ಹಿಗ್ಗಿಸಿದಾಗ ಅದರ ಉದ್ದುದ್ದ ಅಣುಗಳು ಸಾಲಾಗಿ ನಿಲ್ಲುತ್ತವೆ. ಅಯೋಡಿನ್ ಸೇರಿಸಿದಾಗ ಆ ಸಾಲಿನುದ್ದಕ್ಕೂ ಎಲೆಕ್ಟ್ರಾನುಗಳು ಓಡಾಡಬಲ್ಲವು. ಸಾಲಿನ ದಿಕ್ಕಿನಲ್ಲಿ ಕಂಪಿಸುವ ಬೆಳಕು ಆ ಎಲೆಕ್ಟ್ರಾನುಗಳನ್ನು ಓಡಿಸುವುದರಲ್ಲಿ ತನ್ನ ಶಕ್ತಿ ಕಳೆದುಕೊಂಡು ಹೀರಿಹೋಗುತ್ತದೆ. ಸಾಲಿಗೆ ಅಡ್ಡಲಾಗಿ ಕಂಪಿಸುವುದು ದಾಟುತ್ತದೆ. ಹಗ್ಗದ ಹೋಲಿಕೆ ಹೇಳಿದ ಮೇಲೆ ಈ ಮಾತನ್ನೂ ಸೇರಿಸಿ ಹೇಳುವ ಶಿಕ್ಷಕರು ದೊಡ್ಡ ಉಪಕಾರ ಮಾಡುತ್ತಾರೆ.

ಈ ಹಾಳೆ 1938ರದ್ದು, ಅಮೆರಿಕದ ಎಡ್ವಿನ್ ಲ್ಯಾಂಡ್ ಮಾಡಿದ್ದು. ಅದರ ಮೂಲ ಇನ್ನೂ ಹಿಂದಿದೆ, ಅನಿರೀಕ್ಷಿತ ಜಾಗದಲ್ಲಿದೆ. ಬ್ರಿಸ್ಟಲ್‌ನ ವೈದ್ಯ ವಿಲಿಯಂ ಹೆರಾಪತ್ 1852ರಲ್ಲಿ ಪ್ರಕಟಿಸಿದ ಸಂಗತಿ: ಕ್ವಿನೈನ್ ತಿನ್ನಿಸಿದ ನಾಯಿಯ ಮೂತ್ರಕ್ಕೆ ಅಯೋಡಿನ್ ಬಿದ್ದಾಗ ಹಸಿರು ಹೊಳಪಿನ ಸಣ್ಣ ಹರಳುಗಳು ಮೂಡಿದವು. ಎರಡು ಹರಳು ಅಡ್ಡಡ್ಡ ಬಿದ್ದ ಕಡೆ ಕಪ್ಪು. ಅಂಥ ಲಕ್ಷಾಂತರ ಹರಳುಗಳನ್ನು ಹಾಳೆಯಲ್ಲಿ ಒಂದೇ ದಿಕ್ಕಿಗೆ ನಿಲ್ಲಿಸಿ ಲ್ಯಾಂಡ್ ತಮ್ಮ ಮೊದಲ ಫಿಲ್ಟರ್ ಮಾಡಿದ್ದು 1920ರ ದಶಕದ ಕೊನೆಗೆ, ಆಗಿನ್ನೂ ಅವರು ಹುಡುಗ.

ಇವತ್ತು ಈ ಹಾಳೆ ಎಲ್ಲೆಲ್ಲೂ ಇದೆ. ಕ್ಯಾಲ್ಕುಲೇಟರ್‌ನಿಂದ ಕಂಪ್ಯೂಟರ್‌ವರೆಗೆ ಪ್ರತಿ ಎಲ್‌ಸಿಡಿ ಪರದೆಯಲ್ಲೂ ಎರಡು ಫಿಲ್ಟರ್‌ಗಳಿವೆ. ನಡುವೆ ದ್ರವ ಹರಳು. ದ್ರವ ಹರಳು ಕಂಪನವನ್ನು ಎಷ್ಟು ತಿರುಗಿಸಬೇಕು ಎಂದು ವಿದ್ಯುತ್ ವೋಲ್ಟೇಜ್ ತೀರ್ಮಾನಿಸುತ್ತದೆ, ಆ ತಿರುವಿಗೆ ತಕ್ಕಷ್ಟು ಬೆಳಕು ಎರಡನೆಯ ಫಿಲ್ಟರ್ ದಾಟುತ್ತದೆ. ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ಇಂಥ ಪರದೆ ನೋಡುತ್ತ ತಲೆ ವಾಲಿಸಿದರೆ ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ವಿಮಾನ ಚಾಲಕರಿಗೆ ಈ ಕನ್ನಡಕ ಬೇಡ ಎಂದು ಸಲಹೆ ಕೊಡುವುದಕ್ಕೆ ಇದೇ ಒಂದು ಕಾರಣ.

ಹೆದ್ದಾರಿಯಲ್ಲಿ, ಕೆರೆಯ ದಡದಲ್ಲಿ ಮಾತ್ರ ಆ ಕನ್ನಡಕ ನಿಜಕ್ಕೂ ಕಣ್ಣಿಗೆ ತಂಪು. ನೀರು, ಡಾಂಬರಿನಂಥ ಅಡ್ಡ ಮೇಲ್ಮೈಗಳಿಂದ ಪುಟಿಯುವ ಝಳದಲ್ಲಿ ನೆಲಕ್ಕೆ ಸಮಾನಾಂತರವಾದ ಕಂಪನವೇ ಹೆಚ್ಚು. ಕನ್ನಡಕದ ಅಕ್ಷ ಲಂಬ, ಹಾಗಾಗಿ ಅದು ಆ ಝಳವನ್ನು ತಡೆಯುತ್ತದೆ. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ 1815ರಲ್ಲಿ ಕಂಡುಕೊಂಡಂತೆ ಪ್ರತಿ ವಸ್ತುವಿಗೂ ಒಂದು ಕೋನವಿದೆ, ಆ ಕೋನದಲ್ಲಿ ಪ್ರತಿಫಲಿಸಿದ ಬೆಳಕು ಪೂರ್ತಿ ಧ್ರುವೀಕೃತ. ಲಂಬರೇಖೆಯಿಂದ ಅಳೆದರೆ ನೀರಿಗೆ ಸುಮಾರು 53 ಡಿಗ್ರಿ, ಸಾಮಾನ್ಯ ಗಾಜಿಗೆ ಸುಮಾರು 56. ಮಳೆ ನಿಂತ ಮೇಲೆ ಮಲೆನಾಡಿನ ಕಾಡನ್ನು ಚಿತ್ರೀಕರಿಸುವ ಛಾಯಾಗ್ರಾಹಕರು ಲೆನ್ಸಿನ ಮುಂದೆ ಈ ಫಿಲ್ಟರ್ ತಿರುಗಿಸುವುದು ಎಲೆಗಳ ಮೇಲಿನ ಬಿಳಿ ಹೊಳಪು ಅಳಿಸಿ ಅಡಿಯ ಹಸಿರನ್ನು ಹೊರತೆಗೆಯಲು. ಲೋಹದ ಹೊಳಪಿಗೆ ಮಾತ್ರ ಈ ಉಪಾಯ ನಡೆಯದು. ಲೋಹ ಪ್ರತಿಫಲಿಸುವ ಬೆಳಕು ಅಷ್ಟಾಗಿ ಧ್ರುವೀಕೃತವಾಗಿರುವುದಿಲ್ಲ.

ಇನ್ನು ಪೋಲ್ ಅಳೆಯುವ ಆ ಕೊಳವೆ. 100 ಮಿಲಿಲೀಟರ್ ದ್ರಾವಣದಲ್ಲಿ 26 ಗ್ರಾಂ ಶುದ್ಧ ಸುಕ್ರೋಸ್ ಕರಗಿಸಿ, 200 ಮಿಲಿಮೀಟರ್ ಉದ್ದದ ಕೊಳವೆಗೆ ತುಂಬಿ, ಸೋಡಿಯಂ ದೀಪದ ಹಳದಿ ಬೆಳಕು ಹಾಯಿಸಿದರೆ ಕಂಪನದ ದಿಕ್ಕು ಸುಮಾರು 34.6 ಡಿಗ್ರಿ ಬಲಕ್ಕೆ ಹೊರಳುತ್ತದೆ. ಸಕ್ಕರೆ ಉದ್ಯಮದ ಅಂತರರಾಷ್ಟ್ರೀಯ ಮಾಪನದಲ್ಲಿ ಅದೇ 100. ಕೆಲವು ದ್ರವಗಳಿಗೆ ಕಂಪನವನ್ನು ತಿರುಗಿಸುವ ಈ ಗುಣವಿದೆ ಎಂದು ಫ್ರಾನ್ಸಿನ ಬಿಯೋ 1815ರ ಹೊತ್ತಿಗೆ ಗುರುತಿಸಿದ್ದರು. ಅಳೆಯುವ ಉಪಾಯ ಹೊಳೆದುಬಿಡುತ್ತದೆ: ಮೊದಲು ಎರಡು ಫಿಲ್ಟರ್‌ಗಳನ್ನು ಅಡ್ಡ ಇಟ್ಟು ಕತ್ತಲು ಮಾಡಬೇಕು, ರಸ ಇಟ್ಟ ಮೇಲೆ ಬೆಳಕು ಮೂಡುತ್ತದೆ, ಮತ್ತೆ ಕತ್ತಲಾಗುವವರೆಗೆ ಎರಡನೆಯದನ್ನು ತಿರುಗಿಸಬೇಕು.

ತೊಡಕಿರುವುದು ಆ ‘ಕತ್ತಲಾಗುವವರೆಗೆ’ ಎಂಬಲ್ಲಿ. 90 ಡಿಗ್ರಿಯ ಹತ್ತಿರ ಕೋಸೈನ್ ವರ್ಗದ ಗೆರೆ ಬಹುತೇಕ ಚಪ್ಪಟೆ. 1 ಡಿಗ್ರಿ ತಪ್ಪಿದರೂ ಬೆಳಕು ಹೆಚ್ಚುವುದು ಸಾವಿರಕ್ಕೆ ಒಂದು ಪಾಲಿಗಿಂತಲೂ ಕಡಿಮೆ. ಪೂರ್ತಿ ಕಪ್ಪು ಯಾವುದು, ಬಹುತೇಕ ಕಪ್ಪು ಯಾವುದು ಎಂದು ಕಣ್ಣು ಹೇಳಲಾರದು. ಹಾಗಾಗಿ ಹತ್ತೊಂಬತ್ತನೇ ಶತಮಾನದ ಉಪಕರಣ ತಯಾರಕರು ನೋಟದ ವೃತ್ತವನ್ನು ಎರಡು ಹೋಳು ಮಾಡಿ, ಒಂದೊಂದು ಹೋಳಿನ ಕಂಪನದ ದಿಕ್ಕನ್ನು ತುಸು ಬೇರೆಯಾಗಿಟ್ಟರು. ಕತ್ತಲನ್ನು ಹುಡುಕುವ ಬದಲು ಎರಡು ಹೋಳುಗಳ ಮಬ್ಬು ಸಮವಾಗುವ ಬಿಂದುವನ್ನು ಹುಡುಕಿದರೆ ಸಾಕು. ಪಕ್ಕಪಕ್ಕದ ಹೊಳಪುಗಳನ್ನು ಹೋಲಿಸುವುದರಲ್ಲಿ ಕಣ್ಣು ಬಹಳ ಚುರುಕು. ಈಗಿನ ಯಂತ್ರಗಳು ಅಂಕಿಯನ್ನು ತಾವೇ ತೋರಿಸುತ್ತವೆ. ಈ ಸೂಕ್ಷ್ಮ ಆಲೋಚನೆಗೆ ಸಲ್ಲಬೇಕಾದ ಗೌರವ ಅದರಿಂದ ಕಡಿಮೆಯಾಗದು.

ಭಾರತದ ಭೌತವಿಜ್ಞಾನದ ಅತಿ ದೊಡ್ಡ ಕಥೆಯೂ ಇಂಥ ಒಂದು ಪುಟ್ಟ ಸಲಕರಣೆಯಿಂದಲೇ ಶುರುವಾಗುತ್ತದೆ. 1921ರಲ್ಲಿ ಇಂಗ್ಲೆಂಡಿಗೆ ಹೋಗಿ ‘ನಾರ್ಕುಂಡಾ’ ಹಡಗಿನಲ್ಲಿ ಮರಳುತ್ತಿದ್ದ ಸಿ.ವಿ. ರಾಮನ್ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿಯನ್ನು ನೋಡಿ ಸುಮ್ಮನಿರಲಿಲ್ಲ. ಆಳ ಸಮುದ್ರದ ನೀಲಿ ಆಕಾಶದ ನೀಲಿಯ ಪ್ರತಿಬಿಂಬ ಅಷ್ಟೇ ಎಂದು ಲಾರ್ಡ್ ರ್‍ಯಾಲೇ ಅಂಥ ದೊಡ್ಡವರು ಹೇಳಿಬಿಟ್ಟಿದ್ದರು. ರಾಮನ್ ಬಳಿ ನಿಕೋಲ್ ಪ್ರಿಸಂ ಇತ್ತು, ಕ್ಯಾಲ್ಸೈಟ್ ಹರಳಿನಿಂದ ಮಾಡಿದ ಹಳೆಯ ಬಗೆಯ ಧ್ರುವೀಕಾರಕ. ಬ್ರೂಸ್ಟರ್ ಕೋನದಲ್ಲಿ ನೀರನ್ನು ನೋಡುತ್ತ ಪ್ರಿಸಂ ತಿರುಗಿಸಿದರೆ ಮೇಲ್ಮೈಯ ಪ್ರತಿಫಲನ ಅಳಿದುಹೋಗುತ್ತದೆ. ರ್‍ಯಾಲೇ ಹೇಳಿದ್ದು ಸರಿಯಿದ್ದರೆ ಅದರೊಂದಿಗೆ ನೀಲಿಯೂ ಅಳಿಯಬೇಕು. ನೀಲಿ ಅಳಿಯಲಿಲ್ಲ, ಇನ್ನಷ್ಟು ಗಾಢವಾಯಿತು. ಬಣ್ಣ ನೀರಿನೊಳಗಿನದೇ. ಹಡಗು ಮುಂಬಯಿ ಬಂದರಿನಲ್ಲಿದ್ದಾಗಲೇ ‘ನೇಚರ್’ ಪತ್ರಿಕೆಗೆ ಟಿಪ್ಪಣಿ ಸಿದ್ಧವಾಯಿತು. ನೀರಿನ ಅಣುಗಳು ಬೆಳಕನ್ನು ಚದುರಿಸುವುದರ ಜೊತೆಗೆ ನೀರು ಕೆಂಪನ್ನು ಹೀರಿಕೊಳ್ಳುವುದೂ ಈ ನೀಲಿಗೆ ಕಾರಣ ಎಂದು ಇಂದು ತಿಳಿದಿದೆ. ಪ್ರತಿಬಿಂಬದ ವಾದವನ್ನು ಬದಿಗೆ ಸರಿಸಿದ ಆ ಪ್ರಯೋಗ ಮಾತ್ರ ಹಾಗೆಯೇ ನಿಂತಿದೆ.

ಅಲ್ಲಿಂದ ಏಳು ವರ್ಷ ಚದುರಿದ ಬೆಳಕಿನ ಬೆನ್ನುಹತ್ತಿದ ರಾಮನ್ ಮತ್ತು ಅವರ ವಿದ್ಯಾರ್ಥಿಗಳು ದ್ರವಗಳಿಂದ ಬೇರೆ ಬಣ್ಣದ ಕ್ಷೀಣ ಬೆಳಕೊಂದು ಬರುವುದನ್ನು ಕಂಡರು. ಇದು ದ್ರವದ ಕಲ್ಮಶ ಮಿನುಗುತ್ತಿರುವುದಷ್ಟೇ ಇರಬಹುದಲ್ಲ ಎಂಬ ಸಂಶಯ ಸಹಜವಾಗಿತ್ತು. ಅವರ ತಂಡದ ವೆಂಕಟೇಶ್ವರನ್ ಶುದ್ಧ ಗ್ಲಿಸರಿನ್‌ನಲ್ಲಿ ಕಂಡ ಹಸಿರು ಛಾಯೆಯ ಬೆಳಕು ಬಲವಾಗಿ ಧ್ರುವೀಕೃತವಾಗಿತ್ತು. ಸಾಮಾನ್ಯ ಮಿನುಗಿನ ಲಕ್ಷಣ ಅದಲ್ಲ. 1928ರ ಫೆಬ್ರುವರಿ 28ರ ರಾಮನ್ ಪರಿಣಾಮದ ಹಿಂದೆ ಫಿಲ್ಟರ್ ತಿರುಗಿಸಿ ನೋಡಿದ ಈ ಸಾಕ್ಷ್ಯವೂ ಇದೆ.

ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದರು, 1948ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. ಅಲ್ಲಿ 1950ರ ದಶಕದಲ್ಲಿ ಅವರ ಸೋದರಿಯ ಮಗ ಎಸ್. ಪಂಚರತ್ನಂ, ಇಪ್ಪತ್ತೆರಡರ ಯುವಕ, ಒಂದು ಮೂಲಭೂತ ಪ್ರಶ್ನೆ ಕೇಳಿಕೊಂಡರು: ಬೇರೆ ಬೇರೆ ಧ್ರುವೀಕರಣದ ಎರಡು ಕಿರಣಗಳು ಒಂದೇ ಲಯದಲ್ಲಿವೆ ಎಂದು ಹೇಳುವುದು ಹೇಗೆ? ಅವರ ಉತ್ತರ ತೀವ್ರತೆಯ ಭಾಷೆಯಲ್ಲಿತ್ತು. ಎರಡನ್ನೂ ಬೆರೆಸಿದಾಗ ಹೊಳಪು ಅತಿ ಹೆಚ್ಚಾಗುವುದಾದರೆ ಅವು ಒಂದೇ ಲಯದಲ್ಲಿವೆ. ಈ ವ್ಯಾಖ್ಯೆಯಿಂದ ಹೊರಟು, ಬೆಳಕಿನ ಧ್ರುವೀಕರಣವನ್ನು ಮೂರು ಸ್ಥಿತಿಗಳ ಮೂಲಕ ಸುತ್ತಿಸಿ ಮೊದಲಿನ ಸ್ಥಿತಿಗೇ ತಂದರೂ ಲಯ ತುಸು ಸರಿದಿರುತ್ತದೆ, ಆ ಸರಿತ ಸುತ್ತಿದ ದಾರಿಯ ಆಕಾರವನ್ನೇ ಅವಲಂಬಿಸಿದೆ ಎಂದು 1956ರಲ್ಲಿ ತೋರಿಸಿದರು. ಹೊರಜಗತ್ತು ಗಮನಿಸಲಿಲ್ಲ. 1984ರಲ್ಲಿ ಬ್ರಿಸ್ಟಲ್‌ನ ಮೈಕೆಲ್ ಬೆರಿ ಕ್ವಾಂಟಂ ವ್ಯವಸ್ಥೆಗಳಲ್ಲಿ ಇದೇ ಜಾತಿಯ ಸಂಗತಿ ಕಂಡುಕೊಂಡಾಗ, ಭೌತವಿಜ್ಞಾನಿಗಳಾದ ರಾಮಶೇಷನ್ ಮತ್ತು ರಾಜಾರಾಂ ನಿತ್ಯಾನಂದ 1986ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಬರೆದು ಬೆಂಗಳೂರಿನ ಹಳೆಯ ಪ್ರಬಂಧವನ್ನು ನೆನಪಿಸಿದರು. ಬೆರಿ ಅದರ ಮಹತ್ವವನ್ನು ಮನಸಾರೆ ಒಪ್ಪಿ ಮರುವರ್ಷವೇ ಬರೆದರು. ಅದನ್ನು ನೋಡಲು ಪಂಚರತ್ನಂ ಇರಲಿಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಕೆಲಕಾಲ ಪಾಠ ಮಾಡಿ ಆಕ್ಸ್‌ಫರ್ಡ್‌ಗೆ ಹೋಗಿದ್ದ ಅವರು 1969ರಲ್ಲಿ, 35ನೇ ವಯಸ್ಸಿಗೆ ತೀರಿಕೊಂಡಿದ್ದರು. ಕನ್ನಡದ ಶಾಲಾ ಪುಸ್ತಕಗಳಲ್ಲಿ ಈ ಹೆಸರಿಗೆ ಒಂದು ಪುಟವಾದರೂ ಸಿಗಬೇಕು.

ಪಂಚರತ್ನಂ ಅವರ ಅಣ್ಣ ಎಸ್. ಚಂದ್ರಶೇಖರ್ ಅದೇ ಸಂಸ್ಥೆಯಲ್ಲಿ 1977ರಲ್ಲಿ ಸಹೋದ್ಯೋಗಿಗಳೊಂದಿಗೆ ತಟ್ಟೆಯಾಕಾರದ ಅಣುಗಳ ದ್ರವ ಹರಳನ್ನು ಕಂಡುಹಿಡಿದರು. ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದಾಗ ಚಿತ್ರ ಕೆಡದಂತೆ ಮಾಡುವ ಹಾಳೆಗಳಲ್ಲಿ ಅಂಥ ಅಣುಗಳು ಮುಂದೆ ಬಳಕೆಗೆ ಬಂದವು.

ಅದೇ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದ ‘ಪೋಲಿಕ್ಸ್’ ಉಪಕರಣ ಈಗ ಭೂಮಿಯ ಸುತ್ತ ತಿರುಗುತ್ತಿದೆ. 2024ರ ಜನವರಿ 1ರಂದು ಇಸ್ರೋ ಉಡಾಯಿಸಿದ ‘ಎಕ್ಸ್‌ಪೋಸ್ಯಾಟ್’ ಉಪಗ್ರಹದ ಮುಖ್ಯ ಕಣ್ಣು ಅದು. ಕೆಲಸ 8ರಿಂದ 30 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಕ್ಸ್-ಕಿರಣಗಳ ಧ್ರುವೀಕರಣ ಅಳೆಯುವುದು. ಏಡಿ ನೀಹಾರಿಕೆಯ ಪಲ್ಸಾರ್ ಅದರ ಮೊದಲ ಗುರಿಗಳಲ್ಲೊಂದು. ಎಕ್ಸ್-ಕಿರಣಕ್ಕೆ ಪ್ಲಾಸ್ಟಿಕ್ ಹಾಳೆಯ ಫಿಲ್ಟರ್ ಉಪಯೋಗಕ್ಕೆ ಬಾರದು. ಹಾಗಾಗಿ ನಡುವೆ ಹಗುರ ಧಾತುವಿನ ತುಂಡೊಂದನ್ನಿಟ್ಟು, ಸುತ್ತ ನಾಲ್ಕು ಎಣಿಕೆಯಂತ್ರಗಳನ್ನು ಕೂರಿಸಿದ್ದಾರೆ. ತುಂಡಿಗೆ ತಾಗಿದ ಎಕ್ಸ್-ಕಿರಣ ತನ್ನ ಕಂಪನಕ್ಕೆ ಅಡ್ಡಲಾಗಿ ಹೆಚ್ಚು ಚದುರುತ್ತದೆ, ಕಂಪನದ ದಿಕ್ಕಿನಲ್ಲಿ ಕಡಿಮೆ. ಉಪಗ್ರಹ ಗುರಿಯತ್ತಲೇ ಮುಖಮಾಡಿ ತನ್ನ ಅಕ್ಷದಲ್ಲಿ ನಿಧಾನಕ್ಕೆ ತಿರುಗುತ್ತದೆ. ಒಂದು ಸುತ್ತಿನಲ್ಲಿ ಎಣಿಕೆ ಎರಡು ಸಲ ಏರಿ ಎರಡು ಸಲ ಇಳಿದರೆ ಕಿರಣ ಧ್ರುವೀಕೃತ. ಏರಿಳಿತ ಎಷ್ಟು ದೊಡ್ಡದು ಎಂಬುದರಿಂದ ಧ್ರುವೀಕರಣದ ಪ್ರಮಾಣ ತಿಳಿಯುತ್ತದೆ, ಯಾವ ಕೋನದಲ್ಲಿ ಏರಿತು ಎಂಬುದರಿಂದ ಅದರ ದಿಕ್ಕು. ಸಾವಿರಾರು ಜ್ಯೋತಿರ್ವರ್ಷ ದೂರದ ಪಲ್ಸಾರ್‌ನ ಕಾಂತಕ್ಷೇತ್ರ ಹೇಗೆ ಹರಡಿಕೊಂಡಿದೆ, ಕಿರಣ ಅಲ್ಲಿ ಎಲ್ಲಿಂದ ಹೊರಡುತ್ತದೆ ಎಂಬ ಪ್ರಶ್ನೆಗಳಿಗೆ ವಿಜ್ಞಾನಿಗಳು ಉತ್ತರ ಹುಡುಕುತ್ತಿರುವುದು ಆ ಏರಿಳಿತದ ಗೆರೆಯಲ್ಲಿ.